ಕ್ರೂಸ್ ಕಂಟ್ರೋಲ್ ಕೈಕೊಡುತ್ತಿದೆಯಾ? ಮೊದಲು ಬ್ರೇಕ್ ಲೈಟ್ ನೋಡಿ

ಓದುಗರ ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಗಾಡಿ 2012ರ ಡೀಸೆಲ್ ಎಸ್‌ಯುವಿ, ಆರು ಗೇರಿನ ಮ್ಯಾನ್ಯುಯಲ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಮೂರು ವರ್ಷ ಆಯಿತು. ಮಗಳು ಬೆಂಗಳೂರಿನಲ್ಲಿ ಇರುವುದರಿಂದ ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಕಳೆದ ಮಳೆಗಾಲ ಮುಗಿದಾಗಿನಿಂದ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ತುಳಿಯದೆಯೇ ಸೆಟ್ ಮಾಡಿದ ವೇಗದಲ್ಲಿ ಗಾಡಿ ಓಡಿಸುವ ವ್ಯವಸ್ಥೆ) ಕಾಟ ಕೊಡುತ್ತಿದೆ. ಮೀಟರಿನಲ್ಲಿ ದೀಪ ಬರುತ್ತದೆ, ಆದರೆ ಸೆಟ್ ಒತ್ತಿದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ. ಹಿಡಿದರೂ ಹುಣಸೂರು ರಸ್ತೆಯಲ್ಲಿ ಸಣ್ಣ ಗುಂಡಿಗೆ ಚಕ್ರ ಬಿದ್ದರೆ ಸಾಕು, ಬಿಟ್ಟುಬಿಡುತ್ತದೆ. ಮಡಿಕೇರಿ ಕಡೆಯಿಂದ ಇಳಿಯುವಾಗ 50ಕ್ಕೆ ಸೆಟ್ ಮಾಡಿದರೆ 65 ದಾಟಿ ಹೋಗುತ್ತದೆ. ಒಂದು ಗ್ಯಾರೇಜಿನವರು ಇಸಿಎಂ (ಎಂಜಿನ್ ಕಂಪ್ಯೂಟರ್) ಹೋಗಿದೆ, 40 ಸಾವಿರ ಬೇಕು ಎಂದರು. ಇನ್ನೊಬ್ಬರು ಬ್ರೇಕಿನ ವೈರ್ ಬೈಪಾಸ್ ಮಾಡಿದರೆ ಸರಿಹೋಗುತ್ತದೆ ಎಂದರು. ಭಾವ ಬೇರೆ, ಕ್ರೂಸ್ ಹಾಕಿದರೆ ಮಳೆಯಲ್ಲಿ ಗಾಡಿ ಹಾರುತ್ತದೆ, ಬೆಂಕಿಯೂ ಹತ್ತುತ್ತದೆ ಎಂದು ವಾಟ್ಸಾಪ್ ಕಳಿಸಿದ್ದಾರೆ. ಹಾರನ್, ಸ್ಟಿಯರಿಂಗ್ ಮೇಲಿನ ಆಡಿಯೊ ಬಟನ್ ಎಲ್ಲ ಸರಿ ಇವೆ. ಬೇರೆ ಏನೂ ತೊಂದರೆ ಇಲ್ಲ. ಎರಡು ಸಲ ಬೆಳಿಗ್ಗೆ ಬ್ಯಾಟರಿ ಡೌನ್ ಆಗಿತ್ತು, ಹೊಸದು ಹಾಕಿಸಿದ್ದೇನೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಾಲು ಕೊನೆಯದು. ನೀವು ಅದನ್ನು ಸುಮ್ನೆ ಸೇರಿಸಿದ್ದೀರಿ. ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ. ಬ್ಯಾಟರಿ ಡೌನ್ ಆದದ್ದಕ್ಕೂ ಕ್ರೂಸ್ ಬಿಟ್ಟುಹೋಗುವುದಕ್ಕೂ ಒಂದೇ ಕಾರಣ ಇರಬಹುದು. ಆ ಕಾರಣ ಬಾನೆಟ್ ಒಳಗೆ ಇಲ್ಲ, ನಿಮ್ಮ ಬಲಗಾಲಿನ ಹತ್ತಿರ ಇದೆ. ಅಲ್ಲಿಗೆ ಬರುತ್ತೇನೆ.

ಮೊದಲು ನಿಮ್ಮ ದೂರುಗಳನ್ನು ಬೇರೆ ಬೇರೆ ಮಾಡೋಣ. ಸೆಟ್ ಒತ್ತಿದರೆ ಹಿಡಿಯದಿರುವುದು, ಗುಂಡಿಗೆ ಬಿದ್ದರೆ ಬಿಟ್ಟುಬಿಡುವುದು, ಇವೆರಡು ನಿಜವಾದ ದೋಷ. ಇಳಿಜಾರಿನಲ್ಲಿ 50 ಇದ್ದದ್ದು 65 ಆಗುವುದು ದೋಷವೇ ಅಲ್ಲ. ಇಸಿಎಂ ಹೋಗಿದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಬೈಪಾಸ್ ಮಾಡಿಸುವ ಮಾತನ್ನು ದಯವಿಟ್ಟು ಇವತ್ತೇ ಮರೆತುಬಿಡಿ.

ಕುಶಾಲನಗರದಲ್ಲಿ 22 ವರ್ಷದಿಂದ ಗಾಡಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಮೊದಲೆಲ್ಲ ಕ್ರೂಸ್ ಕೆಟ್ಟಿದೆ ಎಂದು ವರ್ಷಕ್ಕೆ ಒಬ್ಬರು ಬಂದರೆ ಹೆಚ್ಚು. ನಮ್ಮ ತಿರುವುಗಳಲ್ಲಿ ಆ ಬಟನ್ ಯಾರಿಗೆ ಬೇಕು? 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆದ ಮೇಲೆ ಕೊಡಗಿನವರಿಗೆ ಸ್ಟಿಯರಿಂಗ್ ಮೇಲೆ ಅಂಥದ್ದೊಂದು ಬಟನ್ ಇದೆ ಎಂದು ನೆನಪಾಯಿತು. ಹತ್ತು ವರ್ಷ ಯಾರೂ ಮುಟ್ಟದ ಬಟನ್ ಒತ್ತಿದಾಗ ಹತ್ತು ವರ್ಷದ ದೋಷಗಳೆಲ್ಲ ಒಟ್ಟಿಗೇ ಕಾಣಿಸಿಕೊಂಡವು.

ನಿಮ್ಮ ಗಾಡಿಯಲ್ಲಿ ಕ್ರೂಸಿಗೆ ಅಂತ ಬೇರೆ ಯಂತ್ರ ಇಲ್ಲ. ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಹೋಗುವುದು ವೈರ್ ಮಾತ್ರ, ಕೇಬಲ್ ಇಲ್ಲ. ಕಾಲು ಎಷ್ಟು ಒತ್ತಿದೆ ಎಂದು ಸೆನ್ಸರ್ ಹೇಳುತ್ತದೆ, ಅದಕ್ಕೆ ತಕ್ಕಷ್ಟು ಡೀಸೆಲ್ಲನ್ನು ಎಂಜಿನ್ ಕಂಪ್ಯೂಟರ್ ಕೊಡುತ್ತದೆ. ಕ್ರೂಸ್ ಹಾಕಿದಾಗ ಕಾಲಿನ ಬದಲು ಕಂಪ್ಯೂಟರೇ ಆ ಲೆಕ್ಕ ಹಾಕಿಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಕಂಪ್ಯೂಟರ್ ನಿಜವಾಗಿಯೂ ಹೋಗಿದ್ದರೆ ಬರೀ ಕ್ರೂಸ್ ನಿಲ್ಲುವುದು ತೀರಾ ಅಪರೂಪ. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಎಳೆಯುವುದಿಲ್ಲ, ಎಂಜಿನ್ ದೀಪ ಉರಿಯುತ್ತದೆ, ಇನ್ನೂ ಏನೇನೋ ಆಗುತ್ತದೆ. ನಿಮ್ಮ ಗಾಡಿ ಪ್ರತಿ ತಿಂಗಳು ಬೆಂಗಳೂರಿಗೆ ಹೋಗಿ ಬರುತ್ತಿದೆ, ಅಲ್ವಾ?

ಆದರೆ ಕ್ರೂಸ್ ಹಿಡಿಯುವ ಮೊದಲು ಆ ಕಂಪ್ಯೂಟರ್ ಮಗಳನ್ನು ಕೊಡುವ ಮನೆಯವರ ಹಾಗೆ ಹತ್ತು ಕಡೆ ವಿಚಾರಿಸುತ್ತದೆ. ಬ್ರೇಕ್ ಮೇಲೆ ಕಾಲಿದೆಯಾ? ಕ್ಲಚ್ ಮೇಲೆ? ವೇಗ 40ರ ಆಸುಪಾಸು ದಾಟಿದೆಯಾ? ಚಕ್ರದ ಸೆನ್ಸರ್‌ಗಳು ಸರಿಯಾದ ವೇಗ ಹೇಳುತ್ತಿವೆಯಾ? ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯುತ್ತಿದೆಯಾ? ಎಂಜಿನ್ನಿನಲ್ಲಿ ಯಾವುದಾದರೂ ದೋಷದ ಕೋಡ್ ಇದೆಯಾ? ಇಷ್ಟರಲ್ಲಿ ಒಬ್ಬರು ತಲೆ ಅಲ್ಲಾಡಿಸಿದರೂ ಸಂಬಂಧ ಬೇಡ ಎಂದುಬಿಡುತ್ತದೆ. ಕಾರಣ ಮಾತ್ರ ನಿಮಗೆ ಹೇಳುವುದಿಲ್ಲ. ನಾವು ಹುಡುಕಬೇಕಾದದ್ದು ಯಾರು ತಲೆ ಅಲ್ಲಾಡಿಸಿದರು ಎಂದು. ಮನೆ ಯಜಮಾನನನ್ನೇ ಬದಲಾಯಿಸಿದರೆ ಏನು ಸಿಕ್ಕೀತು?

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಬ್ರೇಕ್ ಲೈಟ್ ಸ್ವಿಚ್ ಮೇಲೆ. ಬ್ರೇಕ್ ಪೆಡಲಿನ ತೋಳಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿ, ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಸ್ವಿಚ್ ಒಂದು ಇರುತ್ತದೆ. ಅದರಿಂದ ಒಂದು ಸಣ್ಣ ಕಡ್ಡಿ ಹೊರಗೆ ಬಂದಿರುತ್ತದೆ. ಪೆಡಲ್ ಮೇಲಿದ್ದಾಗ ಆ ಕಡ್ಡಿ ಒಳಗೆ ಒತ್ತಿಕೊಂಡಿರುತ್ತದೆ. ಪೆಡಲ್ ತುಳಿದರೆ ಕಡ್ಡಿ ಹೊರಗೆ ಬಂದು ಹಿಂದಿನ ಕೆಂಪು ದೀಪ ಉರಿಯುತ್ತದೆ. ಕ್ರೂಸ್ ಇರುವ ಎಷ್ಟೋ ಗಾಡಿಗಳಲ್ಲಿ ಈ ಸ್ವಿಚ್ಚಿನೊಳಗೆ ಎರಡು ಜೊತೆ ಪಾಯಿಂಟ್ ಇರುತ್ತವೆ. ಒಂದು ಮುಚ್ಚಿದಾಗ ಇನ್ನೊಂದು ತೆರೆಯುತ್ತದೆ. ಕಂಪ್ಯೂಟರ್ ಎರಡನ್ನೂ ತಾಳೆ ನೋಡುತ್ತದೆ. ಒಂದು ಕಾಲಿದೆ ಎಂದು, ಇನ್ನೊಂದು ಇಲ್ಲ ಎಂದು ಹೇಳಿದರೆ ಕ್ರೂಸ್ ಬಂದ್.

ಹಳೇ ಗಾಡಿಯಲ್ಲಿ ಈ ಸ್ವಿಚ್ ಸವೆಯುತ್ತದೆ, ಇಲ್ಲವೇ ಕ್ಲಿಪ್ ಸಡಿಲವಾಗಿ ಹಿಂದೆ ಜರುಗುತ್ತದೆ. ಕೆಲವು ಗಾಡಿಗಳಲ್ಲಿ ಕಡ್ಡಿ ತಾಗುವ ಜಾಗದಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರಿನ ಪುಟ್ಟ ಗುಂಡಿ ಇರುತ್ತದೆ, ಅಂಗಿ ಗುಂಡಿಯಷ್ಟು. ವರ್ಷಗಳು ಕಳೆದಂತೆ ಅದು ಒಣಗಿ ಪುಡಿಯಾಗಿ ಉದುರುತ್ತದೆ. ಆಮೇಲೆ ಕಡ್ಡಿ ಆ ತೂತಿನೊಳಗೆ ತೂರಿಕೊಂಡು ಸದಾ ಹೊರಗೇ ಇರುತ್ತದೆ. ಗಾಡಿ ಆಫ್ ಮಾಡಿ ಕೀ ತೆಗೆದುಕೊಂಡು ಹೋದರೂ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಯಾಕೆಂದರೆ ಅದಕ್ಕೆ ಕರೆಂಟ್ ನೇರ ಬ್ಯಾಟರಿಯಿಂದ ಬರುತ್ತದೆ. 21 ವ್ಯಾಟಿನ ಎರಡು ಬಲ್ಬ್ ಎಂದರೆ ಮೂರೂವರೆ ಆಂಪಿಯರ್. ರಾತ್ರಿ ಹತ್ತು ಗಂಟೆ ಉರಿದರೆ 35 ಆಂಪಿಯರ್ ಅವರ್ ಖಾಲಿ. ಸ್ವಲ್ಪ ವಯಸ್ಸಾದ ಬ್ಯಾಟರಿಗೆ ಬೆಳಿಗ್ಗೆ ಡೀಸೆಲ್ ಎಂಜಿನ್ ತಿರುಗಿಸಲು ಶಕ್ತಿ ಎಲ್ಲಿ ಉಳಿಯುತ್ತದೆ? ನಿಮ್ಮ ಗಾಡಿಯಲ್ಲಿ ಇದು ದಿನಾ ಆಗುತ್ತಿಲ್ಲ, ಆಗಾಗ ಆಗುತ್ತಿದೆ. ಪೆಡಲ್ ಒಮ್ಮೆ ಪೂರ್ತಿ ಮೇಲೆ ಬರುತ್ತದೆ, ಒಮ್ಮೆ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತದೆ ಎಂದು ಕಾಣುತ್ತದೆ. ಚಕ್ರ ರಸ್ತೆಯ ಗುಂಡಿಗೆ ಬಿದ್ದಾಗ ಪೆಡಲ್ ಅದುರುತ್ತದೆ, ಕಡ್ಡಿ ಒಂದು ಕ್ಷಣ ಹೊರಗೆ ಬರುತ್ತದೆ, ಕ್ರೂಸ್ ಬಿಡುತ್ತದೆ.

ಇದನ್ನು ನೋಡಲು ಮೆಕ್ಯಾನಿಕ್ ಬೇಡ. ಇವತ್ತು ಕತ್ತಲಾದ ಮೇಲೆ ಗಾಡಿಯನ್ನು ಹಿಮ್ಮುಖವಾಗಿ ಮನೆ ಗೋಡೆಗೋ ಕಾಫಿ ಗೋದಾಮಿನ ಗೋಡೆಗೋ ಹತ್ತಿರ ನಿಲ್ಲಿಸಿ. ಹೆಡ್‌ಲೈಟ್, ಪಾರ್ಕಿಂಗ್ ಲೈಟ್ ಆಫ್ ಮಾಡಿ. ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಕಾಲನ್ನು ಪೆಡಲಿನಿಂದ ತೆಗೆದು, ಕನ್ನಡಿಯಲ್ಲಿ ಗೋಡೆ ನೋಡಿ. ಗೋಡೆ ಕೆಂಪಾಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಕೆಂಪಾಗಿಲ್ಲದಿದ್ದರೆ ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟು ಹಗುರವಾಗಿ ತಟ್ಟಿ, ಪಕ್ಕಕ್ಕೆ ಅಲ್ಲಾಡಿಸಿ. ಕಾಲಿನ ತೂಕವೂ ಬೀಳದಷ್ಟು ಹಗುರವಾಗಿ. ಅಷ್ಟಕ್ಕೇ ಗೋಡೆ ಮಿಣಮಿಣ ಎಂದರೆ ಸ್ವಿಚ್ ಅಂಚಿನಲ್ಲಿ ನಿಂತಿದೆ ಎಂದರ್ಥ. ಆಮೇಲೆ ಪೆಡಲಿನ ಅಡಿಗೆ ಕಾಲ್ಬೆರಳು ಹಾಕಿ ಮೇಲಕ್ಕೆ ಎತ್ತಿ. ಉರಿಯುತ್ತಿದ್ದ ದೀಪ ಆಗ ಆರಿದರೆ ಇನ್ನು ಅನುಮಾನ ಬೇಡ. ಜೊತೆಗೆ ಫ್ಲೋರ್ ಮ್ಯಾಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ಬಣ್ಣದ ಪ್ಲಾಸ್ಟಿಕ್ ಚೂರು, ಬಿಸ್ಕತ್ತಿನ ಪುಡಿಯ ಹಾಗೆ ಬಿದ್ದಿದ್ದರೆ ಗುಡಿಸಿ ಬಿಸಾಡಬೇಡಿ. ಒಂದು ಕಾಗದದಲ್ಲಿ ಕಟ್ಟಿ ಗ್ಯಾರೇಜಿಗೆ ತನ್ನಿ. ಅದು ಉದುರಿಹೋದ ಗುಂಡಿ.

ಗೋಡೆ ಪರೀಕ್ಷೆಯಲ್ಲಿ ಎಲ್ಲ ಸರಿ ಇದ್ದರೆ ಮುಂದಿನದು ಕ್ಲಚ್. ಕ್ಲಚ್ ಪೆಡಲಿಗೂ ಇಂಥದ್ದೇ ಸ್ವಿಚ್ ಇದೆ. ಇದನ್ನು ಬರೆಯುವಾಗ ಒಬ್ಬರ ನೆನಪಾಗುತ್ತದೆ. ಸೋಮವಾರಪೇಟೆ ಕಡೆಯವರು, ಕ್ರೂಸ್ ಹಿಡಿದು ನಿಲ್ಲುವುದಿಲ್ಲ ಎಂದು ಮೂರು ಸಲ ಬಂದರು. ನಾನು ಓಡಿಸಿದರೆ ಸರಿ, ಅವರು ಓಡಿಸಿದರೆ ಇಲ್ಲ. ಕೊನೆಗೆ ಪಕ್ಕದಲ್ಲಿ ಕೂತು ನೋಡಿದೆ. ಎಡಗಾಲು ಕ್ಲಚ್ ಮೇಲೇ ಇತ್ತು! ಇಡೀ ಜೀವನ ಘಾಟಿಯಲ್ಲಿ ಗಾಡಿ ಓಡಿಸಿದವರು, ಕಾಲು ಅಲ್ಲೇ ಒರಗುತ್ತದೆ. ಅವರಿಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಈ ಅಭ್ಯಾಸ ಇದೆ. ನಿಮ್ಮದೂ ಒಮ್ಮೆ ಗಮನಿಸಿ, ಕ್ಲಚ್ ಪ್ಲೇಟಿಗೂ ಒಳ್ಳೆಯದು.

ಆಮೇಲೆ ಚಕ್ರದ ಸೆನ್ಸರ್. ತೋಟದ ರಸ್ತೆಯ ಕೆಂಪು ಕೆಸರು ಒಣಗಿ ಸೆನ್ಸರ್ ಮುಖಕ್ಕೆ ಮೆತ್ತಿಕೊಂಡಿರುತ್ತದೆ, ಕಪ್ಲರಿನ (ವೈರ್ ಜೋಡಿಸುವ ಪ್ಲಗ್) ಒಳಗೆ ನೀರು ಹೋಗಿ ಪಿನ್ನುಗಳಿಗೆ ಹಸಿರು ತುಕ್ಕು ಹಿಡಿದಿರುತ್ತದೆ. ಶೆಡ್ಡಿನಲ್ಲಿ ಇಲಿ ವೈರ್ ಕಚ್ಚುವುದು ನಮ್ಮಲ್ಲಿ ಹೊಸತೇನಲ್ಲ. ನಿಮ್ಮ ತೊಂದರೆ ಮಳೆಗಾಲದ ನಂತರ ಶುರುವಾಗಿದೆ, ಹಾಗಾಗಿ ಇದನ್ನು ಪೂರ್ತಿ ಬಿಟ್ಟುಬಿಡುವ ಹಾಗಿಲ್ಲ. ಆದರೆ ಇದಾಗಿದ್ದರೆ ಸಾಮಾನ್ಯವಾಗಿ ಎಬಿಎಸ್ ದೀಪವೂ ಆಗಾಗ ಬರುತ್ತದೆ. ನೀವು ಅದನ್ನು ಬರೆದಿಲ್ಲ.

ಸ್ಟಿಯರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಮೇಲೆ ನನಗೆ ಅನುಮಾನ ಕಡಿಮೆ. ಅದು ಸುರುಳಿ ಸುತ್ತಿದ ಪಟ್ಟಿ ವೈರ್. ಹಾರನ್, ಆಡಿಯೊ, ಕ್ರೂಸ್ ಬಟನ್, ಏರ್‌ಬ್ಯಾಗ್ ಎಲ್ಲಕ್ಕೂ ದಾರಿ ಅದೇ. ಅದು ತುಂಡಾದರೆ ಸಾಮಾನ್ಯವಾಗಿ ಹಾರನ್ ಹೋಗುತ್ತದೆ ಅಥವಾ ಏರ್‌ಬ್ಯಾಗ್ ದೀಪ ಬರುತ್ತದೆ. ನಿಮ್ಮಲ್ಲಿ ಎಲ್ಲ ಸರಿ ಇದೆ. ಯಾರಾದರೂ ಸ್ಟಿಯರಿಂಗ್ ಬಿಚ್ಚೋಣ ಎಂದರೆ ಬೇಡ ಎನ್ನಿ. ಅಲ್ಲಿ ಏರ್‌ಬ್ಯಾಗ್ ಇದೆ, ಬ್ಯಾಟರಿ ಕಳಚಿ ಕಾಯದೆ ಕೈಹಾಕುವ ಜಾಗ ಅಲ್ಲ.

ಗ್ಯಾರೇಜಿಗೆ ಹೋದಾಗ ಬರೀ ಸ್ಕ್ಯಾನ್ ಮಾಡಿ ಎನ್ನಬೇಡಿ. ಲೈವ್ ಡೇಟಾ ತೋರಿಸಿ ಎಂದು ಕೇಳಿ. ಬ್ರೇಕ್ ಸ್ವಿಚ್ ಒಂದು, ಬ್ರೇಕ್ ಸ್ವಿಚ್ ಎರಡು, ಕ್ಲಚ್ ಸ್ವಿಚ್, ಈ ಮೂರು ಸಾಲು ಪರದೆಯ ಮೇಲೆ ಇಟ್ಟುಕೊಂಡು ಪೆಡಲ್ ಒತ್ತಿ ಬಿಡಿ. ಯಾವ ಸಾಲು ತಡವಾಗಿ ಬದಲಾಗುತ್ತದೆ ಅಥವಾ ಬದಲಾಗುವುದೇ ಇಲ್ಲ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕೋಡ್ ಇದ್ದರೆ ಪಿ0571 ಅಥವಾ ಪಿ0504 ಎಂದರೆ ಬ್ರೇಕ್ ಸ್ವಿಚ್, ಪಿ0704 ಎಂದರೆ ಕ್ಲಚ್ ಸ್ವಿಚ್, ಪಿ0500 ಎಂದರೆ ವೇಗದ ಸೆನ್ಸರ್ ಕಡೆ. ಕೋಡ್ ಇಲ್ಲ ಎಂದ ಮಾತ್ರಕ್ಕೆ ಸ್ವಿಚ್ ಸರಿ ಇದೆ ಎಂದಲ್ಲ. ಗುಂಡಿಗೆ ಬಿದ್ದಾಗ ಅರೆ ಕ್ಷಣ ಬ್ರೇಕ್ ಸಿಗ್ನಲ್ ಬಂದರೆ, ನೀವೇ ಬ್ರೇಕ್ ಮುಟ್ಟಿದಿರಿ ಎಂದು ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಅದರಲ್ಲಿ ಕೋಡ್ ಬರೆದುಕೊಳ್ಳುವಂಥದ್ದು ಏನಿದೆ? ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಡಬ್ಬಿಗಳಲ್ಲಿ ಈ ಸಾಲುಗಳು ಎಷ್ಟೋ ಸಲ ಕಾಣುವುದೇ ಇಲ್ಲ, ಅದಕ್ಕಾಗಿ ದುಡ್ಡು ಹಾಕಬೇಡಿ.

ಈಗ ಬೈಪಾಸ್. ಆ ಮೆಕ್ಯಾನಿಕ್ ಹೇಳಿದ್ದು ಒಂದು ಅರ್ಥದಲ್ಲಿ ಸರಿ. ಬ್ರೇಕ್ ಒತ್ತಿಲ್ಲ ಎಂದು ಹೇಳುವ ವೈರನ್ನು ಶಾಶ್ವತವಾಗಿ ಜೋಡಿಸಿಬಿಟ್ಟರೆ ಕ್ರೂಸ್ ಚೆನ್ನಾಗಿ ಹಿಡಿಯಬಹುದು. ಆದರೆ ಆಮೇಲೆ ನೀವು ಬ್ರೇಕ್ ತುಳಿದರೂ ಅದು ಬಿಡುವ ಖಾತ್ರಿ ಇಲ್ಲ. ತಿತಿಮತಿ ದಾಟಿ ಆನೆಚೌಕೂರು ಕಾಡಿನ ರಸ್ತೆಯಲ್ಲಿ ಎದುರಿಗೆ ಆನೆ ನಿಂತಿದೆ ಎಂದುಕೊಳ್ಳಿ. ನಿಮ್ಮ ಕಾಲು ಬ್ರೇಕ್ ಮೇಲೆ, ಎಂಜಿನ್ ಮಾತ್ರ ವೇಗ ಕಡಿಮೆಯಾಯಿತು ಎಂದು ಇನ್ನಷ್ಟು ಡೀಸೆಲ್ ಕೊಡುತ್ತಿದೆ. ಯಾರೋ ಮೊದಲೇ ಹಾಗೆ ಮಾಡಿಟ್ಟ ಒಂದು ಗಾಡಿ ನನ್ನ ಶೆಡ್ಡಿಗೆ ಬಂದಿತ್ತು. ವೈರ್ ಬಿಡಿಸದೆ ಗಾಡಿ ಕೊಡುವುದಿಲ್ಲ ಎಂದು ಮಾಲೀಕರ ಹತ್ತಿರ ಜಗಳವೇ ಆಯಿತು.

ಹೇಗೂ ಮಾತು ಬಂತು, ಇದನ್ನೂ ತಿಳಿದುಕೊಳ್ಳಿ. ಯಾವುದೇ ಗಾಡಿಯಲ್ಲಿ ಕ್ರೂಸ್ ಬಿಡಲೇ ಇಲ್ಲ ಎಂದಾದರೆ ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ತುಳಿದು ಹಿಡಿಯಿರಿ, ಪಂಪ್ ಮಾಡಬೇಡಿ. ಪಂಪ್ ಮಾಡಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗಬಹುದು, ಪೆಟ್ರೋಲ್ ಗಾಡಿಯಲ್ಲಿ ಅದು ಇನ್ನೂ ಬೇಗ. ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ. ಎಂಜಿನ್ ಕಿರುಚಿದರೆ ಕಿರುಚಲಿ. ಗಾಡಿ ಪೂರ್ತಿ ನಿಂತ ಮೇಲೆಯೇ ಕೀ ಆಫ್. ಓಡುವಾಗ ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ.

ಇನ್ನು ಇಳಿಜಾರು. ಕ್ರೂಸ್ ಕಂಟ್ರೋಲ್ ಹುಟ್ಟಿದ ಕತೆ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದನ್ನು ಕಂಡುಹಿಡಿದವರು ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರ್. ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು. ಅವರ ವಕೀಲರು ಗಾಡಿ ಓಡಿಸುತ್ತಾ ಮಾತಾಡುವಾಗ ನಿಧಾನ, ಕೇಳಿಸಿಕೊಳ್ಳುವಾಗ ಜೋರು, ಹೀಗೆ ಜಗ್ಗಿ ಜಗ್ಗಿ ಓಡಿಸುತ್ತಿದ್ದರಂತೆ. ಆ ಕಿರಿಕಿರಿಯಿಂದಲೇ ಈ ಯೋಚನೆ ಬಂತು ಎಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಗಾಡಿಗಳಲ್ಲಿ ಅದು ಮಾರಾಟಕ್ಕೆ ಬಂತು. ಅವರಿಗೆ ಬೇಕಾಗಿದ್ದದ್ದು ಆಕ್ಸಿಲರೇಟರ್ ಮೇಲೆ ಅಲುಗಾಡದ ಒಂದು ಕಾಲು. ನಿಮ್ಮ ಗಾಡಿಯ ಕ್ರೂಸ್ ಇವತ್ತಿಗೂ ಅಷ್ಟೇ, ಬ್ರೇಕ್ ತುಳಿಯುವ ಕಾಲು ಅದಕ್ಕಿಲ್ಲ. ಸುಂಟಿಕೊಪ್ಪದ ಕಡೆ ಇಳಿಯುವಾಗ ಅದು ಡೀಸೆಲ್ ಪೂರ್ತಿ ನಿಲ್ಲಿಸಿದರೂ ಗಾಡಿಯ ತೂಕವೇ ಎಳೆದುಕೊಂಡು ಹೋಗುತ್ತದೆ. 65 ಆಗುವುದು ಅದರಿಂದಲೇ. ತಾನಾಗಿ ಬ್ರೇಕ್ ಹಾಕುವ ಕ್ರೂಸ್ ಹೊಸ ಗಾಡಿಗಳಲ್ಲಿ ಬಂದಿದೆ, ನಿಮ್ಮದರಲ್ಲಿಲ್ಲ. ಅಲ್ಲಿ ಕ್ರೂಸ್ ತೆಗೆದು ಮೂರನೇ ಗೇರಿಗೆ ಬನ್ನಿ, ಅಪ್ಪಂದಿರ ಕಾಲದಲ್ಲಿ ಇಳಿದ ಹಾಗೆ.

ಭಾವನವರ ವಾಟ್ಸಾಪಿಗೆ ಬರೋಣ. ಮಳೆಯಲ್ಲಿ ಗಾಡಿ ಹಾರುತ್ತದೆ ಎನ್ನುವುದು ಉತ್ಪ್ರೇಕ್ಷೆ. ನೀರಿನ ಮೇಲೆ ಟೈರ್ ತೇಲಿ ಚಕ್ರ ಜೋರಾಗಿ ತಿರುಗಿದರೆ, ವೇಗ ಜಾಸ್ತಿಯಾಯಿತು ಎಂದುಕೊಂಡು ಕ್ರೂಸ್ ಡೀಸೆಲ್ ಕಡಿಮೆ ಮಾಡುತ್ತದೆ. ಆದರೂ ಮಳೆಯಲ್ಲಿ ಕ್ರೂಸ್ ಬೇಡ ಎನ್ನುವ ಅವರ ಸಲಹೆ ಸರಿ. ನೀರು ಗಾಡಿಯನ್ನು ನಿಧಾನ ಮಾಡಲು ನೋಡಿದರೆ ಕ್ರೂಸ್ ತಳ್ಳುತ್ತಲೇ ಇರುತ್ತದೆ, ನಿಮ್ಮ ಕಾಲು ಪೆಡಲಿನಿಂದ ದೂರ ಇರುತ್ತದೆ, ಜಾರಿದ್ದು ಕಾಲಿಗೆ ತಿಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಜಿಲ್ಲೆಯೊಳಗೆ ಆ ಬಟನ್ ಮರೆತುಬಿಡಿ. ಬೆಂಕಿಯ ಮಾತಿಗೂ ಒಂದು ಬೇರು ಇದೆ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಹಳೇ ಗಾಡಿಗಳಲ್ಲಿ ಕ್ರೂಸ್ ಬಿಡಿಸುವ ಒಂದು ಸ್ವಿಚ್ಚನ್ನು ಬ್ರೇಕ್ ಆಯಿಲ್ ಲೈನಿಗೇ ಕೂರಿಸಿದ್ದರು. ಆಯಿಲ್ ಸೋರಿ ನಿಂತ ಗಾಡಿಗೂ ಬೆಂಕಿ ಹತ್ತಿದ್ದುಂಟು. 1999ರಿಂದ 2009ರವರೆಗೆ ಹಲವು ಕಂತಿನಲ್ಲಿ ಒಂದು ಕೋಟಿಗೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿಕೊಂಡರು. ನಿಮ್ಮ ಪೆಡಲಿನ ಮೇಲಿರುವುದು ಬರೀ ಒಣ ಸ್ವಿಚ್, ಆಯಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಇದಕ್ಕಿಂತ ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಆಕ್ಸಿಲರೇಟರ್ ಕೇಬಲ್ ಇರುವ ಗಾಡಿಗಳಲ್ಲಿ ಕ್ರೂಸಿಗೆ ಬಾನೆಟ್ ಒಳಗೆ ಒಂದು ಡಬ್ಬಿ ಇರುತ್ತದೆ, ಎಷ್ಟೋ ಸಲ ವ್ಯಾಕ್ಯೂಮ್‌ನಿಂದ ಎಳೆಯುವಂಥದ್ದು. ಅಲ್ಲಿ ಮೊದಲು ನೋಡಬೇಕಾದ್ದು ಬಿರುಕು ಬಿಟ್ಟ ರಬ್ಬರ್ ಹೋಸ್. ಇನ್ನೊಂದು ತಮಾಷೆ, ಅಂಥ ಕೆಲವು ಗಾಡಿಗಳಲ್ಲಿ ಕ್ರೂಸಿನ ಸರ್ಕ್ಯೂಟ್ ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ಅರ್ತ್ ಆಗುತ್ತದೆ. ಚೆಂದಕ್ಕೆ ಅಂತ ಎಲ್‌ಇಡಿ ಬಲ್ಬ್ ಹಾಕಿಸಿದ ದಿನದಿಂದ ಕ್ರೂಸ್ ಬಂದ್!

ನಿಮ್ಮ ಮುಂದೆ ಇರುವ ದಾರಿ ಎರಡು. ಒಂದು, ಸ್ವಿಚ್ ಬದಲಾಯಿಸುವುದು, ಗುಂಡಿ ಉದುರಿದ್ದರೆ ಅದನ್ನೂ. ಖರ್ಚು ನೂರರ ಲೆಕ್ಕದಲ್ಲಿ ಮುಗಿಯಬೇಕು, ಸಾವಿರದ ಹತ್ತಿರ ಹೋದರೂ 40 ಸಾವಿರ ಖಂಡಿತ ಆಗುವುದಿಲ್ಲ. ಕಂಪನಿ ಮಾಲೇ ಹಾಕಿಸಿ. ಕೂರಿಸುವಾಗ ಒಂದು ಎಚ್ಚರ ಬೇಕು. ಕ್ರೂಸ್ ಬಿಡಬಾರದು ಎಂದು ಸ್ವಿಚ್ಚನ್ನು ತೀರಾ ಮುಂದೆ ತಳ್ಳಿದರೆ ಅದೇ ಪೆಡಲನ್ನು ಒತ್ತಿ ಹಿಡಿಯುತ್ತದೆ. ಆಗ ಬ್ರೇಕ್ ಸದಾ ಸ್ವಲ್ಪ ಹಿಡಿದುಕೊಂಡೇ ಇದ್ದು ಡಿಸ್ಕ್ ಕಾಯುತ್ತದೆ. ಹೊಸ ಸ್ವಿಚ್ ಹಾಕಿಸಿದ ದಿನ ಹತ್ತು ಕಿಲೋಮೀಟರ್ ಓಡಿಸಿ, ಇಳಿದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದರಲ್ಲಿ ಮಾತ್ರ ಅಥವಾ ಎಲ್ಲದರಲ್ಲೂ ವಿಪರೀತ ಕಾವು ಬಂದರೆ ವಾಪಸ್ ಹೋಗಿ.

ಎರಡನೆಯ ದಾರಿ, ಕ್ರೂಸೇ ಬೇಡ ಎಂದು ಬಿಟ್ಟುಬಿಡುವುದು. ಅದರಿಂದ ಗಾಡಿಗೆ ಏನೂ ನಷ್ಟವಿಲ್ಲ, ಎಷ್ಟೋ ಜನ ಹಾಗೇ ಇದ್ದಾರೆ. ಆದರೆ ಬ್ರೇಕ್ ಸ್ವಿಚ್ಚನ್ನು ಹಾಗೆ ಬಿಡಬೇಡಿ. ಮಂಜಿನಲ್ಲಿ ನಿಮ್ಮ ಹಿಂದೆ ಬರುವ ಲಾರಿಯವರು ನೋಡುವುದು ಆ ಕೆಂಪು ದೀಪವನ್ನೇ. ಅದು ಸದಾ ಉರಿಯುತ್ತಿದ್ದರೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಅವರಿಗೆ ತಿಳಿಯುವುದಿಲ್ಲ. ಕೆಲವು ಗಾಡಿಗಳಲ್ಲಿ ಬ್ರೇಕ್ ಸಿಗ್ನಲ್ ಇರುವಾಗ ಆಕ್ಸಿಲರೇಟರ್ ತುಳಿದರೆ ಕಂಪ್ಯೂಟರ್ ಎಂಜಿನ್ ಶಕ್ತಿ ಇಳಿಸುತ್ತದೆ, ಏರಿನಲ್ಲಿ ಗಾಡಿ ಎಳೆಯದೆ ಟರ್ಬೊ ಹೋಯಿತು ಎಂದು ಹೆದರಿಸುವವರೂ ಸಿಗುತ್ತಾರೆ.

ಮೂರನೆಯದನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ, ಗುಜರಿಯಿಂದ ಹಳೇ ಇಸಿಎಂ ತಂದು ಹಾಕುವುದು. ಕೀಯ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಅದಕ್ಕೆ ಹೊಂದದಿದ್ದರೆ ಗಾಡಿ ಸ್ಟಾರ್ಟ್ ಕೂಡ ಆಗುವುದಿಲ್ಲ. ಕ್ರೂಸ್ ಸರಿಮಾಡಲು ಹೋಗಿ ಗಾಡಿಯನ್ನೇ ಲಾರಿ ಮೇಲೆ ಸಾಗಿಸಬೇಕಾಗುತ್ತದೆ.

ಗೋಡೆ ಪರೀಕ್ಷೆ ಮಾಡಿ ಏನಾಯಿತು ಎಂದು ಬರೆಯಿರಿ. ಹಾಗೇ, ತೆಗೆಸಿದ ಹಳೇ ಬ್ಯಾಟರಿ ಇನ್ನೂ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಪೂರ್ತಿ ಚಾರ್ಜ್ ಮಾಡಿ ಒಮ್ಮೆ ಲೋಡ್ ಟೆಸ್ಟ್ ಮಾಡಿಸಿ. ಪಾಪ, ಅದರ ತಪ್ಪು ಇಲ್ಲದೆಯೂ ಇರಬಹುದು.